ಬೆಟ್ಟದ ನೆತ್ತಿಯಲ್ಲಿ ಮಂಜು, ಬುಡದಲ್ಲಿ ಬತ್ತಿದ ಹೊಳೆ

ಗುಂಡ್ಲುಪೇಟೆ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆಲ್ಲ ಒಂದು ಅಭ್ಯಾಸ. ಬೆಳಿಗ್ಗೆ ಎದ್ದು ಹೊಲದ ಕಡೆ ಹೊರಟವರು ಒಂದು ಸಲ ತಲೆ ಎತ್ತಿ ಗೋಪಾಲಸ್ವಾಮಿ ಬೆಟ್ಟ ನೋಡುತ್ತೇವೆ. ನೆತ್ತಿ ಮುಚ್ಚಿದ್ದರೆ ಒಂದು ಮಾತು, ತೆರೆದಿದ್ದರೆ ಇನ್ನೊಂದು ಮಾತು. "ಬೆಟ್ಟ ಮುಸುಕು ಹಾಕಂಡದ, ಮಳ ಬತ್ತದ ಕನ" ಅನ್ನುವುದನ್ನು ಕೇಳಿಕೊಂಡೇ ದೊಡ್ಡವರಾದೆವು.

ಈಗ ಆ ಬೆಟ್ಟ ಎಲ್ಲರ ಮೊಬೈಲಿನಲ್ಲೂ ಇದೆ. ಶನಿವಾರ, ಭಾನುವಾರ ಬಂದರೆ ಹಂಗಳದಿಂದ ಬುಡದವರೆಗೆ ಕಾರುಗಳ ಸಾಲು. ಬೆಂಗಳೂರಿನವರು, ಕೇರಳದವರು, ಮೈಸೂರಿನವರು ಬಂದು ಮಂಜಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಬೆಟ್ಟ ಎಷ್ಟು ಎತ್ತರ, ಬಸ್ಸು ಎಷ್ಟು ಹೊತ್ತಿಗೆ, ಆನೆ ಕಾಣುತ್ತದೋ ಇಲ್ಲವೋ ಅಂತ ನಮ್ಮನ್ನೇ ಕೇಳುತ್ತಾರೆ. ನಾವು ಹೇಳುತ್ತೇವೆ. ಆದರೆ ಬುಡದಲ್ಲಿ ಬದುಕುವ ನಮಗೂ ಆ ಬೆಟ್ಟಕ್ಕೂ ಏನು ಲೆಕ್ಕಾಚಾರ ಅಂತ ಯಾರೂ ಕೇಳುವುದಿಲ್ಲ. ನಾವೂ ಕೇಳಿಕೊಂಡಿಲ್ಲ.

ಆ ಲೆಕ್ಕ ಬಿಡಿಸುವ ಪ್ರಯತ್ನ ಈ ಬರಹ. ಬೆಟ್ಟದ ಭೂಗೋಳ ಹೇಳುತ್ತಾ ಹೋದರೆ ನಮ್ಮ ತಾಲ್ಲೂಕಿನ ಚರಿತ್ರೆ ಸಿಗುತ್ತದೆ. ಚರಿತ್ರೆ ಹಿಡಿದು ಕೆಳಗಿಳಿದರೆ ನಮ್ಮ ನೀರಿನ ಪ್ರಶ್ನೆ ಎದುರಾಗುತ್ತದೆ.

ಎಲ್ಲಿದೆ, ಎಷ್ಟು ಎತ್ತರ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಹಂಗಳ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಎರಡೂ ಕಡೆ ಹೊಲ. ಅರಿಶಿನ, ಸಣ್ಣ ಈರುಳ್ಳಿ, ಬೀಟ್‌ರೂಟ್, ಮುಂಗಾರಿನಲ್ಲಾದರೆ ಸೂರ್ಯಕಾಂತಿ, ಚೆಂಡುಹೂವು. ಎದುರಿಗೆ ಬೆಟ್ಟ. ಬುಡದಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಸ್ವಂತ ಗಾಡಿಗಳು ಅಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು.

ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,454 ಮೀಟರ್. ಬ್ರಿಟಿಷರ ಕಾಲದ ಗೆಜೆಟಿಯರ್ 4,770 ಅಡಿ ಎಂದು ಬರೆದಿತ್ತು. ಎರಡೂ ಒಂದೇ ಲೆಕ್ಕ. ಬಂಡೀಪುರ ಕಾಡಿನ ಅತಿ ತಗ್ಗಿನ ಜಾಗ ಸುಮಾರು 680 ಮೀಟರ್, ಅತಿ ಎತ್ತರದ ಜಾಗ ಇದೇ ಬೆಟ್ಟ. ಗುಂಡ್ಲುಪೇಟೆ ಪಟ್ಟಣ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಅಂದರೆ ನಮ್ಮ ಬಸ್ ಸ್ಟ್ಯಾಂಡಿಗಿಂತ ಬೆಟ್ಟದ ನೆತ್ತಿ 650 ಮೀಟರ್ ಮೇಲಿದೆ.

ಎತ್ತರಕ್ಕಿಂತ ಮುಖ್ಯವಾದದ್ದು ಬೆಟ್ಟ ನಿಂತಿರುವ ಜಾಗ. ನೆತ್ತಿಯ ಮೇಲೆ ನಿಂತು ದಕ್ಷಿಣಕ್ಕೆ ನೋಡಿ. ಕಾಡು ಇಳಿದು ಮೋಯಾರ್ ನದಿಯ ಕಡೆಗೆ ಹೋಗುತ್ತದೆ. ಅದರಾಚೆ ಗೋಡೆಯ ಹಾಗೆ ನೀಲಗಿರಿ. ಪಶ್ಚಿಮಕ್ಕೆ ತಿರುಗಿದರೆ ವಯನಾಡಿನ ಕಡೆಗೆ ಮುಂದುವರಿಯುವ ಕಾಡು. ಉತ್ತರಕ್ಕೂ ಪೂರ್ವಕ್ಕೂ ತಿರುಗಿದರೆ ಕಾಡು ಮುಗಿದು ಹೊಲ ಶುರು. ಹಂಗಳ, ಬೇರಂಬಾಡಿ, ಗುಂಡ್ಲುಪೇಟೆ, ಅದರಾಚೆ ತೆರಕಣಾಂಬಿ ಬಯಲು. ಕಾಡಿಗೂ ನಾಡಿಗೂ ನಡುವೆ ನೆಟ್ಟ ಗಡಿಕಲ್ಲಿನಂತೆ ಈ ಬೆಟ್ಟ ಇದೆ.

ಮಂಜು ಎಲ್ಲಿಂದ ಬರುತ್ತದೆ

ಹಿಮವದ್ ಗೋಪಾಲಸ್ವಾಮಿ ಅಂತ ಹೆಸರು ಬಂದದ್ದು ಮಂಜಿನಿಂದ. ಬೇಸಿಗೆಯ ಬೆಳಿಗ್ಗೆ ಕೂಡ ಮೇಲೆ ಮಂಜು ಕಾಣುವುದುಂಟು. ಕಾರಣ ಸರಳ.

ಗಾಳಿ ಮೇಲಕ್ಕೆ ಏರಿದಂತೆ ತಣ್ಣಗಾಗುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ಗುಂಡ್ಲುಪೇಟೆಗಿಂತ ಬೆಟ್ಟದ ನೆತ್ತಿ ನಾಲ್ಕು ಡಿಗ್ರಿ ತಂಪು. ಬೀಸುವ ಗಾಳಿಗೆ ಸುತ್ತ ತಗ್ಗು, ನಡುವೆ ಈ ಬೆಟ್ಟ ಎದುರಾದಾಗ ಇಳಿಜಾರು ಹಿಡಿದು ಮೇಲೇರಲೇಬೇಕು. ಏರುವಾಗ ಅದರಲ್ಲಿರುವ ತೇವ ಸಣ್ಣ ಹನಿಯಾಗುತ್ತದೆ. ಕೆಳಗೆ ಬಯಲಿನಲ್ಲಿ ನಿಂತ ನಮಗೆ ಅದು ಮೋಡ, ಮೇಲೆ ಗುಡಿಯ ಮುಂದೆ ನಿಂತವರಿಗೆ ಮಂಜು. ಎರಡೂ ಒಂದೇ.

ಗುಡಿಯಲ್ಲಿ ಕೊಳಲು ಹಿಡಿದ ವೇಣುಗೋಪಾಲ. ಗರ್ಭಗುಡಿಯಲ್ಲಿ ಸದಾ ತೇವ ಇರುತ್ತದೆ, ಅದನ್ನು ಸ್ವಾಮಿಯ ಮಹಿಮೆ ಅಂತ ಭಕ್ತರು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಮಂಜು ತುಂಬಿದ ಗಾಳಿ ತಣ್ಣನೆಯ ಕಲ್ಲಿಗೆ ತಾಗಿದರೆ ನೀರಾಗುತ್ತದೆ ಅಂತ ವಿಜ್ಞಾನ ಹೇಳುತ್ತದೆ. ಎರಡು ಮಾತಿಗೂ ಜಗಳ ಹಚ್ಚುವ ಅಗತ್ಯ ನಮಗೆ ಕಾಣುವುದಿಲ್ಲ. ಈ ಒಣ ಸೀಮೆಯಲ್ಲಿ ನೀರು ಜಿನುಗುವ ಕಲ್ಲನ್ನು ನಮ್ಮ ಹಿರಿಯರು ದೇವರೆಂದು ಕೈ ಮುಗಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಒಣ ಸೀಮೆ ಅಂದೆವಲ್ಲ, ಅದನ್ನೂ ನೋಡೋಣ. ನೈರುತ್ಯ ಮುಂಗಾರು ಅರಬ್ಬಿ ಸಮುದ್ರದಿಂದ ಬಂದು ಪಶ್ಚಿಮ ಘಟ್ಟಕ್ಕೆ ಬಡಿದು ಅಲ್ಲೇ ಬಹುಪಾಲು ಸುರಿದುಬಿಡುತ್ತದೆ. ವಯನಾಡಿನ ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ. ಪೂರ್ವಕ್ಕೆ ಬರುಬರುತ್ತಾ ಕಡಿಮೆ. ಕೇರಳ ರಸ್ತೆಯ ಮೂಲೆಹೊಳೆ ಕಾಡಿನಲ್ಲಿ ಸುಮಾರು 1,100 ಮಿಲಿಮೀಟರ್. ಬೇರಂಬಾಡಿ ಹೊಲಗಳಿಗೆ ಬರುವಾಗ ಸುಮಾರು 800. ಗೋಪಾಲಸ್ವಾಮಿ ಬೆಟ್ಟ ನಿಂತಿರುವುದು ಈ ಮಳೆ ತೆಳುವಾಗುವ ದಾರಿಯಲ್ಲೇ. ಬಯಲಿಗೆ ಸಿಗದ ತಂಪು ಅದರ ಎತ್ತರಕ್ಕೆ ಸಿಗುತ್ತದೆ. ಅದಕ್ಕೇ ಬುಡದಲ್ಲಿ ಬೇಸಿಗೆಗೆ ಎಲೆ ಉದುರಿಸುವ ಮತ್ತಿ, ಹೊನ್ನೆ, ದಿಂಡಿಗದ ಕಾಡು. ಮೇಲೆ ಹೋದರೆ ಹುಲ್ಲಿನ ಬೋಳುಗುಡ್ಡ, ಮಡಿಲುಗಳಲ್ಲಿ ಮಾತ್ರ ಒತ್ತಾಗಿ ಹಸಿರಾಗಿರುವ ಶೋಲಾ ಕಾಡು. ಒಂದೇ ಬಸ್ಸಿನಲ್ಲಿ ಕೂತು ಕೆಲವೇ ನಿಮಿಷದಲ್ಲಿ ಎರಡು ಬಗೆಯ ಕಾಡು ದಾಟುತ್ತೇವೆ.

ಎಂಟು ಬೆಟ್ಟ, ಎಂಟು ತೀರ್ಥ

ಪುರಾಣದಲ್ಲಿ ಈ ಬೆಟ್ಟಕ್ಕೆ ಕಮಲಾಚಲ ಅಂತ ಹೆಸರು. ಸುತ್ತಲಿನ ಬೆಟ್ಟಗಳು ದಳಗಳಂತೆ, ನಡುವಿನ ಇದು ಕಮಲದ ಹೂವಿನಂತೆ. ತ್ರಿಶೂಲಾದ್ರಿ, ನೀಲಾದ್ರಿ, ಮಂಗಳಾದ್ರಿ, ಶಂಕರಾದ್ರಿ, ಹಂಸಾದ್ರಿ, ಗರುಡಾದ್ರಿ ಅಂತೆಲ್ಲ ಸುತ್ತಲಿನ ಗುಡ್ಡಗಳಿಗೆ ಹೆಸರಿದೆ. ನಕ್ಷೆ ಇಲ್ಲದ ಕಾಲದಲ್ಲಿ ನೆತ್ತಿಯ ಮೇಲೆ ನಿಂತು ಕಂಡದ್ದನ್ನು ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕೆ? ಹೂವಿನ ದಳ ಎಣಿಸಿದಂತೆ ಗುಡ್ಡ ಎಣಿಸಿದರು.

ಗುಡ್ಡಗಳ ಜೊತೆಗೇ ಎಂಟು ತೀರ್ಥಗಳ ಹೆಸರೂ ಬರುತ್ತದೆ. ಹಂಸತೀರ್ಥ, ಶಂಖತೀರ್ಥ, ಚಕ್ರತೀರ್ಥ, ಗದಾತೀರ್ಥ, ಪದ್ಮತೀರ್ಥ, ವನಮೂಲಿಕಾ ತೀರ್ಥ, ತೊಟ್ಟಿಲು ತೀರ್ಥ ಹೀಗೆ. ಹಂಸತೀರ್ಥದಲ್ಲಿ ಮುಳುಗಿದ ಕಾಗೆ ಹಂಸವಾಗಿ ಎದ್ದಿತಂತೆ, ಅದಕ್ಕೇ ಬೆಟ್ಟದ ಮೇಲೆ ಕಾಗೆ ಇರುವುದಿಲ್ಲವಂತೆ. ಈ ಕಥೆ ಕೇಳದ ಮಗು ನಮ್ಮ ಕಡೆ ಇರಲಿಕ್ಕಿಲ್ಲ.

ಕಥೆ ಹೇಳುವಾಗ ನಾವು ಕಾಗೆ ಹಂಸವಾದದ್ದನ್ನು ಹಿಡಿದುಕೊಳ್ಳುತ್ತೇವೆ. ತೀರ್ಥವನ್ನು ಮರೆಯುತ್ತೇವೆ. ತೀರ್ಥ ಅಂದರೆ ಕೊಳ, ಕೊಳ ಅಂದರೆ ನೀರು. ಹಳಬರು ಬೆಟ್ಟಕ್ಕೆ ಕೊಟ್ಟ ವಿಳಾಸದಲ್ಲಿ ಗುಡ್ಡ ಎಷ್ಟೋ ನೀರೂ ಅಷ್ಟೇ ಇತ್ತು. ಅದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಅಲ್ಲಿಗೇ ಬರುತ್ತೇವೆ.

ದಂಡನಾಯಕರ ಬೆಟ್ಟದಕೋಟೆ

ಗುಡಿ ನೋಡಿದವರು ಸುತ್ತಲಿನ ಕಲ್ಲಿನ ಗೋಡೆ ಗಮನಿಸಿರಬಹುದು. ಇದು ಒಂದು ಕಾಲಕ್ಕೆ ಕೋಟೆ. ಹೆಸರೇ ಬೆಟ್ಟದಕೋಟೆ. ನವ ದಂಡನಾಯಕರು, ಅಂದರೆ ಒಂಬತ್ತು ಜನ ದಣ್ಣಾಯಕರು ಇಲ್ಲಿ ಕೂತು ಸೀಮೆ ಆಳಿದರು ಅನ್ನುವುದು ಜನರ ಬಾಯಲ್ಲಿ ಉಳಿದ ಕಥೆ.

ಶಾಸನದ ಚರಿತ್ರೆಯಲ್ಲೂ ದಣ್ಣಾಯಕರು ಇದ್ದಾರೆ. ಹೊಯ್ಸಳರ ಕಾಲಕ್ಕೆ ಹೋಗೋಣ. ವಿಷ್ಣುವರ್ಧನನ ದಂಡನಾಯಕ ಪುಣಿಸ ನೀಲಗಿರಿಗೆ ದಂಡು ಒಯ್ದ ವಿಷಯ ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನದಲ್ಲಿದೆ. ನೀಲಗಿರಿಯ ತೋಡರ ಹೆಸರು ಬರುವ ಅತಿ ಹಳೆಯ ಬರಹವೂ ಅದೇ ಅನ್ನುತ್ತಾರೆ. ಅಂದರೆ ಒಂಬೈನೂರು ವರ್ಷದ ಹಿಂದೆಯೇ ನಮ್ಮ ಸೀಮೆ ಬಯಲು ರಾಜ್ಯಕ್ಕೂ ಬೆಟ್ಟದ ನಾಡಿಗೂ ನಡುವಿನ ಬಾಗಿಲಾಗಿತ್ತು.

ಅದಾಗಿ ಇನ್ನೂರು ವರ್ಷ. ಮೂರನೇ ಬಲ್ಲಾಳನ ಕಾಲ. 1311ರಲ್ಲಿ ಮಲಿಕ್ ಕಾಫೂರನ ದಂಡು ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ಬಿತ್ತು. ಆಗ ತೆರಕಣಾಂಬಿ ಕಡೆಯ ಸೀಮೆ ಪೆರುಮಾಳೆ ದಂಡನಾಯಕನ ಮನೆತನದ ಕೈಯಲ್ಲಿತ್ತು. ಈಗ ಹೋಬಳಿ ಕೇಂದ್ರವಾಗಿರುವ ತೆರಕಣಾಂಬಿ ಆಗ ದೊಡ್ಡ ಊರು. ಪೆರುಮಾಳೆಯ ಮಗ ಮಾಧವ ದಂಡನಾಯಕ ಅಲ್ಲಿಂದ ಆಳುತ್ತಿದ್ದ. ಬೆಟ್ಟದ ಗೋಪಾಲಸ್ವಾಮಿ ಗುಡಿ 1315ರ ಸುಮಾರಿನದು. ಅದು ಈ ಮನೆತನದ ಕಾಲದ ಕಟ್ಟಡ.

ದಂಡನಾಯಕನಿಗೆ ಬೆಟ್ಟ ಯಾಕೆ ಬೇಕು? ಮೇಲೆ ನಿಂತು ನೋಡಿದರೆ ಉತ್ತರ ಕಾಣುತ್ತದೆ. ದಕ್ಷಿಣದಿಂದ ನೀಲಗಿರಿ ದಾರಿ, ಪಶ್ಚಿಮದಿಂದ ವಯನಾಡು ದಾರಿ, ಎರಡೂ ಬಯಲಿಗೆ ಇಳಿಯುವುದು ಈ ಬೆಟ್ಟದ ಕಣ್ಣಳತೆಯಲ್ಲಿ. ಬೆಟ್ಟದ ಮೇಲೆ ನಾಲ್ಕು ಜನ ಕಾವಲು ಕೂತರೆ ಕೆಳಗೆ ನೂರು ಜನ ಓಡಾಡಬೇಕಿಲ್ಲ. ಮತ್ತೆ ಮೇಲೆ ಕುಡಿಯಲು ಕೊಳಗಳಿದ್ದವು. ನೀರಿಲ್ಲದ ಬೆಟ್ಟದಲ್ಲಿ ಯಾರೂ ಕೋಟೆ ಕಟ್ಟುವುದಿಲ್ಲ.

ಇದೇ ಮನೆತನದ ಹೆಸರು ಹೊತ್ತ ಇನ್ನೊಂದು ಕೋಟೆ ಮೋಯಾರ್ ನದಿಯ ಕೆಳದಂಡೆಯ ಕಡೆ ಇತ್ತು, ದಣ್ಣಾಯಕನಕೋಟೆ. ಮೋಯಾರ್ ಹೋಗಿ ಭವಾನಿಗೆ ಸೇರುವ ಜಾಗದಲ್ಲಿ ಭವಾನಿಸಾಗರ ಅಣೆಕಟ್ಟು ಬಂದಾಗ ಆ ಕೋಟೆ ಮುಳುಗಿತು. ಅಣೆಯಲ್ಲಿ ನೀರು ತೀರಾ ಇಳಿದ ವರ್ಷ ಅಲ್ಲಿನ ಗುಡಿ ಮೇಲೆ ಕಾಣುತ್ತದೆ, ಜನ ಹೋಗಿ ನೋಡಿ ಬರುತ್ತಾರೆ. ಒಂದೇ ಮನೆತನದ ಎರಡು ಕೋಟೆ. ಒಂದು ಮಂಜಿನೊಳಗೆ, ಒಂದು ನೀರೊಳಗೆ.

ಆ ದಾರಿಗಳು ಇವತ್ತಿಗೂ ಅವೇ. ನೀಲಗಿರಿ ದಾರಿ ಊಟಿ ಹೆದ್ದಾರಿ ಆಗಿದೆ, ವಯನಾಡು ದಾರಿ ಸುಲ್ತಾನ್ ಬತ್ತೇರಿ ಹೆದ್ದಾರಿ ಆಗಿದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನೊಳಗೆ ವಾಹನ ಸಂಚಾರ ನಿಷೇಧ. ಆಗ ದಣ್ಣಾಯಕರ ಕಾವಲು, ಈಗ ಅರಣ್ಯ ಇಲಾಖೆಯ ಗೇಟು.

ಹಂಗಳದಲ್ಲಿದ್ದ ರಾಜಕುಮಾರ

ಹೊಯ್ಸಳರ ನಂತರ ವಿಜಯನಗರ, ಆಮೇಲೆ ಮೈಸೂರು ಒಡೆಯರು. ಗುಡಿಯ ಉಸ್ತುವಾರಿಯೂ ಒಡೆಯರ ಕೈಗೆ ಬಂತು.

ನಾವು ದಿನಾ ಬಸ್ಸು ಹತ್ತುವ ಹಂಗಳ ಒಡೆಯರ ಚರಿತ್ರೆಯಲ್ಲಿ ದೊಡ್ಡ ಊರು. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮೊದಲು ಅವರನ್ನು ರಾಜಧಾನಿಯಿಂದ ದೂರ ಹಂಗಳದಲ್ಲಿ ಇರಿಸಿದ್ದರು. ಬೆಟ್ಟ ಎದುರಿಗೇ ಕಾಣುವ ಊರಲ್ಲಿ ಆ ರಾಜಕುಮಾರ ವರ್ಷಗಟ್ಟಲೆ ಕಾದರು. 1673ರಲ್ಲಿ ಪಟ್ಟ ಸಿಕ್ಕಿತು. ಮೈಸೂರಿನ ಬಲಿಷ್ಠ ದೊರೆಗಳಲ್ಲಿ ಒಬ್ಬರಾದರು. ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗೆ ಪರವಾಸುದೇವ ದೇವಸ್ಥಾನ ಕಟ್ಟಿಸಿದರು. ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಅಲ್ಲಿ ಹರಿಯುವ ಹೊಳೆಗೆ ಪುರಾಣದ ಹೆಸರು ಕೌಂಡಿನ್ಯ, ಜನ ಕರೆಯುವ ಹೆಸರು ಗುಂಡ್ಲುಹೊಳೆ.

ಹುಲಿ ಕಾಡಿಗೆ ವೇಣುಗೋಪಾಲನ ಹೆಸರು

ಬಂಡೀಪುರ ಅಂದರೆ ಈಗ ಪ್ರಪಂಚಕ್ಕೇ ಗೊತ್ತು. ಆದರೆ ಈ ಕಾಡಿಗೆ ಮೊದಲು ಇಟ್ಟ ಹೆಸರು ಬೇರೆ.

ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಈ ಜಾಗದಲ್ಲಿ 1931ರಲ್ಲಿ 90 ಚದರ ಕಿಲೋಮೀಟರ್ ವನ್ಯಜೀವಿಗಳಿಗೆ ಮೀಸಲಾಯಿತು. 1941ರಲ್ಲಿ ಅದನ್ನು 800 ಚದರ ಕಿಲೋಮೀಟರ್‌ಗೆ ವಿಸ್ತರಿಸಿ 'ವೇಣುಗೋಪಾಲ ವನ್ಯಜೀವಿ ಉದ್ಯಾನ' ಅಂತ ಕರೆದರು. ಬೆಟ್ಟದ ಮೇಲಿನ ದೇವರ ಹೆಸರೇ ಇಡೀ ಕಾಡಿಗೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಮೇಲೆ 874 ಚದರ ಕಿಲೋಮೀಟರ್‌ನ ರಾಷ್ಟ್ರೀಯ ಉದ್ಯಾನವಾಯಿತು. 1986ರಲ್ಲಿ ನೀಲಗಿರಿ ಜೀವಗೋಳಕ್ಕೆ ಸೇರಿತು. ಈ ನಡುವೆ ವೇಣುಗೋಪಾಲನ ಹೆಸರು ಕಾಡಿನಿಂದ ಇಳಿದು ಬೆಟ್ಟದ ಗುಡಿಗೇ ಸೀಮಿತವಾಯಿತು.

ಈ ಬದಲಾವಣೆಯಲ್ಲಿ ಕಾಡು ಉಳಿಯಿತು. ಹುಲಿ, ಆನೆ ಉಳಿದವು. ಇದು ಸಣ್ಣ ಮಾತಲ್ಲ. ಆದರೆ ಜೇನುಕುರುಬರು, ಕಾಡುಕುರುಬರು, ಸೋಲಿಗರು ತಲೆತಲಾಂತರದಿಂದ ಓಡಾಡಿದ ಕಾಡಿನ ದಾರಿಗಳು ಮುಚ್ಚಿದವು. ದನ ಮೇಯಿಸುತ್ತಿದ್ದ ಅಂಚಿನ ಊರುಗಳ ನಂಟೂ ಕಡಿದುಹೋಯಿತು. ಬೆಟ್ಟ 'ಇಲಾಖೆದು' ಆಯಿತು. ಆನೆ ಹೊಲಕ್ಕೆ ಇಳಿದಾಗ "ನಿಮ್ಮ ಆನೆ ಬಂದಿದೆ" ಅಂತ ಫಾರೆಸ್ಟ್‌ನವರಿಗೆ ಫೋನ್ ಮಾಡುವ ಮಾತಿನ ಹಿಂದೆ ಈ ಚರಿತ್ರೆ ಇದೆ. ಕಾಡು ಅವರದು, ಹೊಲ ನಮ್ಮದು.

ನೀರಿಗೆ ಮಾತ್ರ ಈ ಗಡಿ ಗೊತ್ತಿಲ್ಲ.

ಹೊಳೆ ಎಲ್ಲಿ ಹೋಯಿತು

ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನ ಗುಡ್ಡಗಳ ಹಳ್ಳಕೊಳ್ಳ ಸೇರಿ ಗುಂಡ್ಲುಹೊಳೆ ಆಗುತ್ತದೆ. ಅದು ಉತ್ತರಕ್ಕೆ ಹರಿದು, ಗುಂಡ್ಲುಪೇಟೆ ದಾಟಿ, ನಂಜನಗೂಡಿನ ಬಳಿ ಕಬಿನಿಗೆ ಸೇರುತ್ತದೆ. ಅಲ್ಲಿಂದ ಕಾವೇರಿಗೆ. ಬೆಟ್ಟದ ದಕ್ಷಿಣಕ್ಕೆ ಮೋಯಾರ್ ಕಡೆ ಇಳಿದ ನೀರು ಭವಾನಿ ಸೇರಿ, ಬಹಳ ದೂರ ಸುತ್ತಿ ಅದೂ ಕಾವೇರಿಗೇ ಹೋಗುತ್ತದೆ. ನೆತ್ತಿಯ ಮೇಲೆ ಬಿದ್ದ ಎರಡು ಹನಿ ಎರಡು ದಾರಿ ಹಿಡಿದು ಕೊನೆಗೆ ಒಂದೇ ನದಿಯಲ್ಲಿ ಸೇರುವ ಜಾಗ ಇದು.

ಹರಿಯುತ್ತದೆ ಅಂತ ಬರೆದೆವು. ಆದರೆ ಗುಂಡ್ಲುಹೊಳೆ ಹರಿದದ್ದನ್ನು ನಿಮ್ಮ ಮನೆಯ ಹತ್ತನೇ ಕ್ಲಾಸಿನ ಮಗು ಎಷ್ಟು ಸಲ ನೋಡಿದೆ? ವರ್ಷದ ಬಹುಪಾಲು ದಿನ ಹೊಳೆಯಲ್ಲಿ ಜಾಲಿ, ಕಸ. ಜೋರು ಮಳೆ ಬಂದಾಗ ಎರಡು ದಿನ ಕೆಂಪು ನೀರು, ಮತ್ತೆ ಒಣಗು.

ಬೆಟ್ಟದ ಮೇಲೆ ಮಂಜು ಇದೆ, ಕಾಡು ಇದೆ. ಹಾಗಿದ್ದರೂ ಹೊಳೆ ಯಾಕೆ ಬತ್ತಿತು?

ಇದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮ ತಾಲ್ಲೂಕಿನಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ಎರಡು ಕಡೆ ಮಳೆ, ಹಳ್ಳ, ಅಂತರ್ಜಲ ಅಳೆಯುತ್ತಾ ಬಂದಿದ್ದಾರೆ. ಒಂದು, ಬಂಡೀಪುರ ಕಾಡಿನೊಳಗಿನ ಮೂಲೆಹೊಳೆ. ಇನ್ನೊಂದು, 84 ಚದರ ಕಿಲೋಮೀಟರ್‌ನ ಬೇರಂಬಾಡಿ ಜಲಾನಯನ. ಬಾವಿಯಲ್ಲಿ ಟೇಪು ಇಳಿಸುವ ಹುಡುಗರನ್ನು ನೀವೂ ನೋಡಿರಬಹುದು.

ಮೂಲೆಹೊಳೆಯ ಅಳತೆ ಹೇಳುವ ಮಾತು ನಮಗೆ ಮೊದಲು ನಂಬಲು ಕಷ್ಟವಾಯಿತು. 'ಕಾಡಿದ್ದರೆ ಹೊಳೆ ತುಂಬುತ್ತದೆ' ಅಂತ ಶಾಲೆಯಲ್ಲಿ ಓದಿದ್ದೆವು. ಅಲ್ಲಿ ಬಿದ್ದ ಮಳೆಯ ಬಹುಪಾಲನ್ನು ಮರಗಳೇ ಕುಡಿದು ಆಕಾಶಕ್ಕೆ ಹಿಂತಿರುಗಿಸುತ್ತವೆ. ಬೇರು ಬಹಳ ಆಳಕ್ಕೆ ಹೋಗಿ ನೀರು ಹೀರುತ್ತದೆ. ಹಳ್ಳಕ್ಕೆ ಸಿಗುವುದು ಸಣ್ಣ ಪಾಲು. ನಮ್ಮದು ಮಲೆನಾಡಲ್ಲ, ಒಣಕಾಡು. ಈ ಕಾಡಿನ ಉಪಕಾರ ಇರುವುದು ನೀರಿನ ಲೆಕ್ಕದಲ್ಲಿ ಅಲ್ಲ, ನೀರಿನ ನಡಿಗೆಯಲ್ಲಿ. ಮಣ್ಣು ಕೊಚ್ಚದಂತೆ ಹಿಡಿಯುತ್ತದೆ, ಸುರಿದದ್ದು ಒಮ್ಮೆಲೇ ಓಡಿಹೋಗದೆ ಇಂಗುವಂತೆ ಮಾಡುತ್ತದೆ.

ಬೇರಂಬಾಡಿಯ ಅಳತೆ ನೇರವಾಗಿ ನಮಗೆ ಸಂಬಂಧಪಟ್ಟದ್ದು. ಸಾಮಾನ್ಯವಾಗಿ ತಗ್ಗಿನ ಹಳ್ಳದ ಬಳಿ ಅಂತರ್ಜಲ ಮೇಲೆ ಇರಬೇಕು, ದಿಣ್ಣೆಯಲ್ಲಿ ಆಳದಲ್ಲಿರಬೇಕು. ಇಲ್ಲಿ ತಲೆಕೆಳಗಾಗಿದೆ. ಕಣಿವೆಯ ಒಳ್ಳೆಯ ಮಣ್ಣಿನಲ್ಲಿ ಮೊದಲು ಬೋರ್‌ವೆಲ್‌ಗಳು ಬಂದವು, ಅಲ್ಲೇ ಹೆಚ್ಚು ಪಂಪು ಓಡಿದವು, ಅಲ್ಲೇ ನೀರು ಹೆಚ್ಚು ಆಳಕ್ಕೆ ಇಳಿಯಿತು.

ಇದರಿಂದ ಹೊಳೆಗೆ ಆದದ್ದು ಇಷ್ಟು. ಹಿಂದೆ ಸುತ್ತಲಿನ ನೆಲದ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಮೇಲಿತ್ತು. ಮಳೆ ನಿಂತ ಮೇಲೂ ದಂಡೆಯಿಂದ ಒಸರು ಬಂದು ಹಳ್ಳ ಸಣ್ಣಗೆ ಹರಿಯುತ್ತಿತ್ತು. ನೆಲ ಹಳ್ಳಕ್ಕೆ ನೀರು ಕೊಡುತ್ತಿತ್ತು. ಈಗ ಮಟ್ಟ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗೆ ಹೋಗಿದೆ. ಬೆಟ್ಟದಿಂದ ಇಳಿದ ನೀರು ಬಯಲಿಗೆ ಬಂದ ಕೂಡಲೇ ಒಣನೆಲ ಅದನ್ನು ಎಳೆದುಕೊಳ್ಳುತ್ತದೆ. ಹೊಳೆ ಗುಂಡ್ಲುಪೇಟೆ ತಲುಪುವುದೇ ಅಪರೂಪ. ಅಂತರ್ಜಲ ಅತಿಬಳಕೆಯ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿ ಗುಂಡ್ಲುಪೇಟೆಯ ಹೆಸರಿದೆ.

ಅಂದರೆ ಬೆಟ್ಟ ನಮ್ಮ ಕೈ ಬಿಟ್ಟಿಲ್ಲ. ಹೊಳೆಯ ಕತ್ತು ಬಿಗಿದದ್ದು ಬುಡದಲ್ಲಿ, ನಮ್ಮ ಹೊಲಗಳಲ್ಲಿ. ಇದನ್ನು ಬರೆಯುವ ನಮ್ಮ ಮನೆಗಳಲ್ಲೂ ಬೋರ್‌ವೆಲ್ ಇವೆ. ಒಂದು ಬತ್ತಿದ ಮೇಲೆ ಇನ್ನೊಂದು ಕೊರೆಸಲು ಸಾಲ ಮಾಡಿದ್ದೇವೆ. ಅರಿಶಿನಕ್ಕೆ ನೀರು ಬೇಕು, ಬಾಳೆಗೆ ನೀರು ಬೇಕು. ರಾಗಿ, ಜೋಳ, ಹುರುಳಿ ಬೆಳೆದರೆ ಮಕ್ಕಳ ಕಾಲೇಜು ಫೀಸು ಹುಟ್ಟುವುದಿಲ್ಲ. ರೈತರನ್ನು ದೂರಿ ಮುಗಿಸುವ ವಿಷಯ ಇದಲ್ಲ ಅಂತ ನಮಗೂ ಗೊತ್ತು.

ಆದರೆ ಒಂದು ವಿಚಿತ್ರ ನೋಡಿ. ಈಗ ನಂಜನಗೂಡು ತಾಲ್ಲೂಕಿನ ಆಲಂಬೂರಿನ ಬಳಿ ಕಬಿನಿ ನೀರನ್ನು ಪಂಪ್ ಮಾಡಿ ನಮ್ಮ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ಕೆರೆ ತುಂಬಿದಾಗ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದನ್ನು ಕಂಡಿದ್ದೇವೆ, ಬಾಗಿನ ಬಿಟ್ಟ ಸುದ್ದಿ ನಾವೇ ಬರೆದಿದ್ದೇವೆ. ಒಳ್ಳೆಯ ಕೆಲಸ, ಬೇಡ ಅನ್ನುವುದಿಲ್ಲ. ಆದರೆ ಬೆಟ್ಟದಿಂದ ತಾನಾಗಿ ಇಳಿದು ನಮ್ಮೂರ ಮೇಲೆ ಹಾದು ಕಬಿನಿ ಸೇರುತ್ತಿದ್ದ ಹೊಳೆ ಒಂದಿತ್ತು. ಅದು ಬತ್ತಿದ ಮೇಲೆ ಅದೇ ಕಬಿನಿಯಿಂದ ಕರೆಂಟು ಸುಟ್ಟು ನೀರನ್ನು ಮೇಲಕ್ಕೆ ಹತ್ತಿಸುತ್ತಿದ್ದೇವೆ.

ಬೆಂಕಿ ಬಿದ್ದ ದಿನ

2019ರ ಫೆಬ್ರವರಿ ಕೊನೆಯ ವಾರ. ಗೋಪಾಲಸ್ವಾಮಿ ಬೆಟ್ಟ ವಲಯಕ್ಕೆ ಬೆಂಕಿ ಬಿತ್ತು. ಹಂಗಳದ ಕಡೆ ನಿಂತರೆ ಬೆಟ್ಟದ ಮೇಲೆ ಹೊಗೆ. ಮುಸುಕು ಹಾಕಿದಂತೆಯೇ ಇತ್ತು, ಆದರೆ ಮಂಜಲ್ಲ. ಬೇಸಿಗೆಗೆ ಒಣಗಿದ ಹುಲ್ಲು, ಕಾಡು ತುಂಬ ಹಬ್ಬಿದ ಲಂಟಾನ, ಜೊತೆಗೆ ಗಾಳಿ. ಇಲಾಖೆಯ ವಾಚರುಗಳು, ಸುತ್ತಲಿನ ಊರಿನವರು, ಬೇರೆ ಊರಿಂದ ಬಂದ ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು ಎಂದು ಉಪಗ್ರಹ ಚಿತ್ರಗಳ ಲೆಕ್ಕ ಹೇಳಿತು.

ಆಗ ನಾವು ಕಳಿಸಿದ ಸುದ್ದಿಗಳನ್ನು ಈಗ ತಿರುಗಿ ಓದಿದರೆ ಪ್ರಾಣಿಗಳ ಬಗ್ಗೆ ಇದೆ, ಇಲಾಖೆಯ ಬಗ್ಗೆ ಇದೆ, ಪ್ರವಾಸಿಗರಿಗೆ ಸಫಾರಿ ನಿಂತದ್ದೂ ಇದೆ. ನೀರಿನ ಬಗ್ಗೆ ಒಂದು ಸಾಲೂ ಇಲ್ಲ. ಹುಲ್ಲು ಸುಟ್ಟು ಬೋಳಾದ ಇಳಿಜಾರಿನ ಮೇಲೆ ಮೊದಲ ಮಳೆ ಬಿದ್ದರೆ ಬೂದಿ, ಮಣ್ಣು ಎಲ್ಲ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಆ ಹೂಳು ಹೋಗಿ ಕೂರುವುದು ನಮ್ಮ ಕೆರೆಗಳಲ್ಲಿ. ಇದನ್ನು ಅವತ್ತೇ ಬರೆಯಬೇಕಿತ್ತು. ಕಾಡಿನ ಬೆಂಕಿ ಇಲಾಖೆಯ ಸುದ್ದಿ ಅಂದುಕೊಂಡು ಬಿಟ್ಟುಬಿಟ್ಟೆವು. ಅದು ನಮ್ಮ ತಪ್ಪು.

ಈ ಮಳೆಗಾಲಕ್ಕೆ ಒಂದು ಕೆಲಸ

ದೊಡ್ಡ ಪರಿಹಾರ ಹೇಳುವಷ್ಟು ದೊಡ್ಡವರು ನಾವಲ್ಲ. ಆದರೆ ಬೆಟ್ಟದ ಬುಡದ ಊರಿನವರು ಮಾಡಬಹುದಾದ ಕೆಲವು ಕೆಲಸ ಕಣ್ಣೆದುರಿಗೇ ಇವೆ.

ಹಳ್ಳದ ದಾರಿ ಒತ್ತುವರಿ ಆಗಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು, ಬದು, ಇಂಗುಗುಂಡಿ ಕೆಲಸ ಕೇಳಿ ಹಾಕಿಸಬಹುದು. ಹನಿ ನೀರಾವರಿಗೆ ಸಬ್ಸಿಡಿ ಇದೆ, ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬಹುದು. ಫೆಬ್ರವರಿ, ಮಾರ್ಚಿನಲ್ಲಿ ಕಾಡಿನಂಚಿನ ಹೊಲದಲ್ಲಿ ಕಸ ಸುಡುವ ಮೊದಲು ಗಾಳಿ ಯಾವ ಕಡೆ ಅಂತ ನೋಡಬಹುದು. ಹೊಗೆ ಕಂಡರೆ ವಾಚರಿಗೆ ಫೋನ್ ಮಾಡಬಹುದು. ಬೆಟ್ಟಕ್ಕೆ ಹೋದಾಗ ಪ್ಲಾಸ್ಟಿಕ್ ಬಾಟಲಿ ವಾಪಸ್ ತರಬಹುದು.

ಇವುಗಳಿಗಿಂತ ಮೊದಲು ಇನ್ನೊಂದು ಕೆಲಸ ಇದೆ, ಖರ್ಚಿಲ್ಲದ್ದು. ಮನೆಯ ಅಜ್ಜ, ಅಜ್ಜಿಯರನ್ನು ಕೇಳಿ: ನಮ್ಮೂರ ಹಳ್ಳದ ಹೆಸರೇನು, ಅದು ಎಲ್ಲಿಂದ ಬರುತ್ತಿತ್ತು, ಯಾವ ತಿಂಗಳವರೆಗೆ ನೀರಿರುತ್ತಿತ್ತು, ಬಟ್ಟೆ ಒಗೆಯಲು ಎಲ್ಲಿ ಹೋಗುತ್ತಿದ್ದರು, ಕೊನೆಯ ಸಲ ಕಾಲು ನೆನೆಸಿಕೊಂಡು ದಾಟಿದ್ದು ಯಾವಾಗ. ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ದಣ್ಣಾಯಕರ ಚರಿತ್ರೆ ಕಲ್ಲಿನ ಮೇಲಿದೆ, ಒಡೆಯರ ಚರಿತ್ರೆ ಪುಸ್ತಕದಲ್ಲಿದೆ. ಹಳ್ಳದ ಚರಿತ್ರೆ ಈ ಹಿರಿಯರ ನೆನಪಿನಲ್ಲಿ ಮಾತ್ರ ಇದೆ.

ಹಂಗಳ, ಬೇರಂಬಾಡಿ, ಮಂಗಲ, ಮೇಲುಕಾಮನಹಳ್ಳಿ, ಹುಂಡೀಪುರ, ಕಣಿಯನಪುರ, ಯಾವ ಊರಿನವರಾದರೂ ಸರಿ, ನಮಗೆ ಬರೆದು ಕಳಿಸಿ. ಧ್ವನಿ ಸಂದೇಶ ಕಳಿಸಿದರೂ ಆಯಿತು, ನಾವು ಬರೆದುಕೊಳ್ಳುತ್ತೇವೆ. ಹಳ್ಳಗಳನ್ನೆಲ್ಲ ಒಂದು ಪಟ್ಟಿ ಮಾಡಿ ಮುಂದಿನ ಮುಂಗಾರಿನ ಹೊತ್ತಿಗೆ ಇಲ್ಲೇ ಹಾಕೋಣ.

ಬೆಟ್ಟ ಮುಸುಕು ಹಾಕಿದ ದಿನ ಗುಂಡ್ಲುಪೇಟೆಗೆ ಬಂದವರು ಸಂತೆ ಮುಗಿಸಿ ಹೋಗುವಾಗ ಸೇತುವೆಯ ಮೇಲೆ ಒಂದು ನಿಮಿಷ ನಿಂತು ಕೆಳಗೆ ನೋಡಿ. ನೀರು ಬಂದಿದ್ದರೆ ಅದೂ ಸುದ್ದಿಯೇ, ನಮಗೆ ತಿಳಿಸಿ.